ಹೆಸರು ಹೇಳಲಾರೆ ಅಕ್ಕ

ಹಿಂದೂಪುರ
18-1-1998

ಕಲ್ಯಾಣದುರ್ಗದ ಅಕ್ಕ ವೀರಭದ್ರಮ್ಮನಿಗೆ ತಮ್ಮನ ಶರಣು.

ನಿನ್ನ ಕಾಗದ ಬಂದ ಮೇಲೆ ಸಂಕ್ರಾಂತಿಯೂ ಕಳೆದುಹೋಯಿತು. ತಡಮಾಡಿದ್ದಕ್ಕೆ ಬೈಯಿ, ಆದರೆ ಮೆತ್ತಗೆ. ನೀನು ಕಳಿಸಿದ ಎಳ್ಳು ನನ್ನ ಪಾಲಿಗೆ, ಬೆಲ್ಲ ಕಾಂಪೌಂಡರ್ ಶ್ರೀರಾಮುಲು ಪಾಲಿಗೆ ಬಂತು. ರೋಗಿಗಳೆದುರು ಬೆಲ್ಲ ಮೆಲ್ಲುವ ಧೈರ್ಯ ನನಗಿಲ್ಲ.

ಮದರಾಸಿನಲ್ಲಿ ನಾನೇ ಹೃದಯ ಕಿತ್ತು ಜೋಡಿಸುತ್ತೇನೆಂದು ಭಾವ ಊರಿಗೆಲ್ಲ ಸಾರಿದ್ದಾರಂತೆ. ಕತ್ತಿ ಹಿಡಿಯುವವರು ಬೇರೆ ಅಕ್ಕ. ಹೃದಯ ಯಾರಿಗೆ ಬೇಕೆಂದು ನೋಡುವುದು, ಜೋಡಿಸಿದ ಮೇಲೆ ಕಾಯುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಕಲಿತದ್ದೇನೆಂದರೆ, ಹೃದಯ ಬದಲಿಸಬಹುದು, ನಾಲಿಗೆ ಬದಲಿಸಲಾಗದು. ಅದಕ್ಕೇ ತಿಂಗಳಿಗೊಂದು ಭಾನುವಾರ ಮದರಾಸಿನಿಂದ ಬಂದು, ನಮ್ಮ ಕಡೆಯ ರೋಗಿಗಳನ್ನು ಇಲ್ಲಿನ ಕಾಲೇಜು ಮೈದಾನದಲ್ಲಿ ನಡೆದಾಡಿಸಿ, ಕೊನೆಗೆ ರಾಗಿ ಅಂಬಲಿ ಕುಡಿಸುತ್ತೇನೆ. ಮೊನ್ನೆ ಬೆಳುಗುಪ್ಪದ ಓಬಣ್ಣನ ಬಿ.ಪಿ. ಏರಿತ್ತು. ಗದರಿಸಿದೆ.

"ಉಪ್ಪು ಬಿಡು ಅಂದ್ರಿ, ಬಿಟ್ಟೆ ಸಾಮಿ. ಉಪ್ಪಿನಕಾಯಿ ಬಿಡು ಅಂತ ಯಾವಾಗಂದ್ರಿ?" ಅಂದ.

ಅವನ ಹೆಂಡತಿ ನರಸಕ್ಕ, "ಮೊದ್ಲು ಈವಯ್ಯನ ಬಾಯಿಗೊಂದು ಆಪರೇಷನ್ ಮಾಡ್ರಿ ಡಾಕ್ಟ್ರೇ" ಅಂದಳು.

ನಗಿಸಿ ಜಾರಿಕೊಳ್ಳುತ್ತಿದ್ದಾನೆ ಅಂದುಕೊಂಡೆಯಾ? ನಿಜ. ನೀನು ಕೇಳಿದ್ದು ಒಂದೇ ಮಾತು: ನಮ್ಮ ಜಯಣ್ಣನ ಹೃದಯ ಯಾರಲ್ಲಿದೆ?

ಕೊಡಿಕೊಂಡದ ಹತ್ತಿರ ಲಾರಿ ತಗುಲಿ, ಮದರಾಸಿಗೆ ತಂದ ನಿನ್ನ ಮಗನ ಮೆದುಳು ಸತ್ತು ಎದೆ ಮಾತ್ರ ಬಡಿಯುತ್ತಿದ್ದಾಗ, ಲಿಂಗ ಕಟ್ಟಿದವರ ದೇಹವನ್ನು ಇಡಿಯಾಗಿ ಕೂರಿಸಿಯೇ ಮಣ್ಣು ಮಾಡಬೇಕೆಂದು ಹಿರಿಯರೆಲ್ಲ ಹಟ ಹಿಡಿದರು. ನೀನೊಬ್ಬಳೇ, "ಕೊರಳಾಗಿನ ಲಿಂಗ ಅವನ ಜೊತೆ ಹೋಗ್ಲಿ. ಗುಂಡಿಗೆ ಬಡ್ಕಂತಾ ಐತಲ್ಲ, ಅದನ್ಯಾಕ್ರಪ್ಪ ಹೂಳ್ತೀರಿ?" ಅಂದೆ. ಹಾಗೆ ಕೊಟ್ಟವಳು ಈಗ, "ಒಂದ್ಕಿತ ಕೈಯಿಟ್ಟು ನೋಡ್ಬೇಕು ಕಣಪ್ಪ. ನಿನಗದು ಕೆಲಸ, ನನಗೆ ಮಗ" ಎಂದು ಬರೆದಿದ್ದೀಯ. ಅಮ್ಮನಿಗೆ ಊಟ ಸೇರುತ್ತಿಲ್ಲವೆಂದು ನಿನ್ನ ಮಗಳು ಮಂಗಳಗೌರಿ ಕೆಳಗೊಂದು ಸಾಲು ಸೇರಿಸಿದ್ದಾಳೆ.

ಹೆಸರು ಹೇಳಲಾರೆ ಅಕ್ಕ. ಹೇಳಿದರೆ ಅವನು ಕೆಮ್ಮಿದರೂ ನೀನು ಅಲ್ಲಿ ಬೆಚ್ಚಿಬೀಳುತ್ತೀಯ. ನಿನ್ನ ಮುಖ ಕಂಡಾಗೆಲ್ಲ ಅವನು ತಾನು ಬದುಕಿದ್ದಕ್ಕೆ ತಲೆ ತಗ್ಗಿಸುತ್ತಾನೆ. ಇಬ್ಬರಿಗೂ ಒಳ್ಳೆಯದಲ್ಲ.

ಒಂದು ಮಾಡು. ಬರುವ ತಿಂಗಳ ಮೊದಲ ಭಾನುವಾರ ಹಿಂದೂಪುರದ ಬಸ್ಸು ಹತ್ತು. ಅಂಬಲಿ ಹಂಚಲು ನನಗೊಬ್ಬರು ಬೇಕು. ಬಂದವರಿಗೆಲ್ಲ ನಿನ್ನ ಕೈಯಾರೆ ಹಾಕು, ಎಲ್ಲರಿಗೂ ಒಂದೇ ಸಮ. ಅವನು ಬಂದಿರಬಹುದು, ಬಾರದೆಯೂ ಇರಬಹುದು. ನನ್ನ ಮುಖ ನೋಡಿ ಪತ್ತೆ ಹಚ್ಚುತ್ತೀಯೆಂದು ಗೊತ್ತು. ಅದಕ್ಕೇ ಆ ಹೊತ್ತು ಬೆನ್ನು ತಿರುಗಿಸಿ ನಿಂತಿರುತ್ತೇನೆ.

ಭಾವನಿಗೆ ಶರಣು. ಮಂಗಳಗೌರಿ ನೂರು ಕಾಲ ಚೆನ್ನಾಗಿರಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಶಂಕರಯ್ಯ

ಮತ್ತೊಂದು ಮಾತು: ಆಪರೇಷನ್ನಿನ ದಿನ ನೆಂಟನೆಂದು ನನ್ನನ್ನು ಹೊರಗೇ ನಿಲ್ಲಿಸಿದ್ದರು. ಆಮೇಲೆ ಆ ಹೃದಯ ಪಡೆದವನನ್ನು ನೋಡಿಕೊಳ್ಳುವ ಸರದಿ ನನಗೇ ಬಂತು. ಅವನೆದೆಗೆ ಸ್ಟೆತಾಸ್ಕೋಪ್ ಇಟ್ಟರೆ ಕಿವಿಯಿಂದ ತೆಗೆಯಲು ಮನಸ್ಸಾಗುವುದಿಲ್ಲ. ಅವನು ಹೆದರಿಕೊಂಡು, "ಏನಾನ ಕೆಟ್ಟೈತಾ ಸಾರ್?" ಎಂದು ಕೇಳುತ್ತಾನೆ.

"ಇಲ್ಲ ಕಣಪ್ಪ. ಸುಮ್ನಿರು, ಇನ್ನೊಂಚೂರು ಕೇಳ್ತೀನಿ" ಅನ್ನುತ್ತೇನೆ.