ಎರಡನೇ ಹೂಂ

ಆಸ್ಪತ್ರೆಯ ಕಂಪ್ಯೂಟರ್ ಕೋಣೆ
ಗುರುವಾರ, ಮಾರ್ಚ್ ೧೨, ಊಟದ ಹೊತ್ತು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಎಷ್ಟೋ ವಾಸಿ ಅಂತ ಭಾವ ಹೇಳಿದರು. ಪಾಪ, ಅವರಾದರೂ ಫೋನ್ ಎತ್ತುತ್ತಾರೆ. ನೀನು ಮೂರು ತಿಂಗಳಿಂದ ಎತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕೋ ಮುಂಚೆ ಪೂರ್ತಿ ಓದು, ನನ್ನಾಣೆ.

ನಿನ್ನ ಕೋಪ ನನಗೆ ಗೊತ್ತು. ಇಪ್ಪತ್ತು ವರ್ಷ ಇದೇ ಕುರ್ಚಿಯಲ್ಲಿ ಕೂತು ಇಡೀ ಆಸ್ಪತ್ರೆಗೆ ಒಂದೇ ದೊಡ್ಡ ಪ್ರೋಗ್ರಾಂ ಬರೆದವಳು ನೀನು. ನೀನು ರಿಟೈರ್ ಆದ ಮಾರನೇ ವಾರವೇ ಸ್ವಂತ ತಂಗಿ ಅದನ್ನ ಒಡೆಯೋಕೆ ನಿಂತಳು! ಏನು ಮಾಡಲಿ ಹೇಳು, ವಾರ್ಡಿನ ಹಾಸಿಗೆ ಪಟ್ಟಿ ಮುಟ್ಟಿದರೆ ಔಷಧಿ ಕೌಂಟರಿನ ಪ್ರಿಂಟರ್ ಮುನಿಸಿಕೊಳ್ಳುತ್ತಿತ್ತು. ಈಗ ನೋಂದಣಿ, ವಾರ್ಡು, ಔಷಧಿ, ರಕ್ತನಿಧಿ ಎಲ್ಲಾ ಬೇರೆ ಬೇರೆ ಪುಟ್ಟ ಪ್ರೋಗ್ರಾಂ, ಒಂದೊಂದೂ ಒಂದು ಜಾವಾ ವೆಬ್ ಸರ್ವಿಸ್. ಒಂದರ ಒಳಗೆ ಇನ್ನೊಂದು ಕೈ ಹಾಕೋ ಹಾಗಿಲ್ಲ. ಏನು ಕೇಳಬಹುದು, ಏನು ಉತ್ತರ ಬರುತ್ತೆ ಅಂತ ಮೊದಲೇ ಕರಾರು ಬರೆದಿಟ್ಟಿದ್ದೀವಿ. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಒಂದೇ ಬೀರು ಇತ್ತಲ್ಲ, ಹಾಗೆ. ನಿನ್ನ ಖಾನೆಯಿಂದ ಏನು ಬೇಕಾದರೂ ಕೇಳಬೇಕು, ಕೇಳದೆ ತೆಗೆದರೆ ಬೆನ್ನಿಗೆ ಗುದ್ದು.

ಈಗ ನನ್ನ ಪ್ರತಾಪ ಕೇಳು. ನಿನ್ನ ರಕ್ತನಿಧಿ ಭಾಗದಲ್ಲಿ ಒಂದು ತಡೆ ಇತ್ತು. ರಕ್ತದ ಚೀಲ ಹೊರಗೆ ಹೋಗೋ ಮುಂಚೆ ಇನ್ನೊಬ್ಬರು ಬಂದು, ಮೊದಲನೆಯವರು ಬರೆದದ್ದನ್ನ ನೋಡದೆ, ರೋಗಿಯ ರಕ್ತದ ಗುಂಪು ಮತ್ತೆ ಒತ್ತಬೇಕು, ಎರಡೂ ಒಂದೇ ಆದರೆ ಮಾತ್ರ ಚೀಲ. 'ಒಬ್ಬರ ಹೂಂ ಸಾಲದು' ಅನ್ನುತ್ತಿದ್ದೆಯಲ್ಲ, ಅದೇ. ನಾನು ಅಕ್ಕನ ಅತಿ ಹುಷಾರು ಅಂತ ಹೊಸದರಲ್ಲಿ ಅದನ್ನ ಕಿತ್ತು ಬಿಸಾಕಿದೆ. ಸರ್ವಿಸ್ ಎಷ್ಟು ಚುರುಕಾಯ್ತು ಅಂತ ಎರಡು ದಿನ ಕೊಚ್ಚಿಕೊಂಡು ಓಡಾಡಿದ್ದೂ ಆಯ್ತು. ಸೋಮವಾರ ಪರೀಕ್ಷೆಗೆ ಅಂತ ಸುಳ್ಳು ರೋಗಿ, ಖಾಲಿ ಚೀಲ ಇಟ್ಟಿದ್ವಿ. ಹಿರಿಯ ನರ್ಸ್ ಬೇಕಂತಲೇ ಗುಂಪು ತಪ್ಪಾಗಿ ಒತ್ತಿದರು. ನನ್ನ ಸರ್ವಿಸ್ ಕಣ್ಣು ಮುಚ್ಚಿಕೊಂಡು ಚೀಲ ಕೊಟ್ಟೇಬಿಡ್ತು! 'ನಿಮ್ಮಕ್ಕನ ಕಾಲದಲ್ಲಿ ಇದು ನನ್ನ ಕೈಗೆ ಬರ್ತಿರಲಿಲ್ಲ' ಅಂದರು, ಅಷ್ಟೇ. ಬಾತ್‌ರೂಮಿಗೆ ಹೋಗಿ ಅತ್ತೆ ಅಕ್ಕಾ.

ಆಮೇಲೆ ನಿನ್ನ ಆ ಭಾಗವನ್ನ ಒಂದಕ್ಷರ ತಿದ್ದದೆ ವಾಪಸ್ ತಂದು, ಸುತ್ತ ತೆಳ್ಳಗೆ ಹೊಸ ಹೊದಿಕೆ ಹಾಕಿ, ಅದನ್ನೇ ಒಂದು ಸರ್ವಿಸ್ ಮಾಡಿದೆ. ಈಗ ಅದನ್ನ ಕೇಳದೆ ಒಂದು ಚೀಲವೂ ಅಲ್ಲಾಡಲ್ಲ. ನಿನ್ನೆ ನರ್ಸ್ ಏಳು ಸಲ ತಪ್ಪು ಒತ್ತಿದರು, ಏಳು ಸಲವೂ ಅದು ಜಪ್ಪಯ್ಯ ಅನ್ನಲಿಲ್ಲ. ಖುಷಿಗೆ ನನ್ನ ಕೈಗೊಂದು ಚಾಕಲೇಟ್ ಇಟ್ಟರು. ಅರ್ಧ ನಿನಗೆ ಅಂತ ಎತ್ತಿಟ್ಟಿದ್ದೆ, ಈಗ ಬರೀತಾ ಬರೀತಾ ತಿಂದುಬಿಟ್ಟೆ.

ತಪ್ಪಾಯ್ತು ಅಕ್ಕಾ. ಭಾವನಿಗೆ ನಮಸ್ಕಾರ, ನಿನ್ನ ಮಂಡಿಗೆ ನನ್ನ ವಿಶೇಷ ವಿಚಾರಣೆ.

ನಿನ್ನ,
ಗಡಿಬಿಡಿ

ತಾ.ಕ.: ಪ್ರತಿ ಕರಾರಿನ ಕೊನೆಗೆ 'ಅನುಮಾನ ಬಂದರೆ ಯಾರನ್ನು ಕೇಳಬೇಕು' ಅಂತ ಒಂದು ಸಾಲು ತುಂಬಬೇಕು. ರಕ್ತದ ಚೀಲ ತಡೆಯೋ ಆ ಸರ್ವಿಸಿಗೆ ನಿನ್ನ ನಂಬರ್ ಹಾಕಿದ್ದೀನಿ. ನಿನ್ನನ್ನ ಕೇಳಿಲ್ಲ, ಬಂದು ಗುದ್ದು. ಬರೋ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಳೇದು ನಿಲ್ಲಿಸಿ ಹೊಸದು ಶುರು ಮಾಡಬೇಕು. ಎಂಟಕ್ಕೆ ಐದು ನಿಮಿಷ ಇರುವಾಗ ಫೋನ್ ಮಾಡ್ತೀನಿ. ನನ್ನ ಹೂಂ ಆಗಿದೆ. ನೀನು ಎತ್ತಿ ಇನ್ನೊಂದು ಹೂಂ ಅನ್ನೋವರೆಗೂ ಗುಂಡಿ ಒತ್ತಲ್ಲ.