ಲೋಪಿಯ ಚಿಗಟ, ಕವನಾಳ ಕಾಲು

ಜೂನ್ 11, ಮಂಗಳವಾರ

ತಪ್ಪೊಪ್ಪಿಗೆ. ಹೊಳೆನರಸೀಪುರದಲ್ಲಿ ಕಾಲೇಜು ಮಕ್ಕಳಿಗೆ ಕನ್ನಡ ಕಲಿಸುವ, ನೋಡಲು ಸಭ್ಯನಾದ ನಾನು ಇಂದು ಬೆಳಗ್ಗೆ ಹೆತ್ತ ತಾಯಿಯ ಸೀರಣಿಗೆ ಕದ್ದೆ. ಆಕೆ ಹೇನು ತೆಗೆಯುವ ಆ ಪವಿತ್ರ ಆಯುಧದಿಂದ ಬೆಕ್ಕಿನಮರಿಯ ಚಿಗಟ ಬಾಚಿದೆ. ತೊಳೆದು ಅಲ್ಲೇ ಇಟ್ಟೆ. ಸಾಕ್ಷಿ — ಮಗಳು ಕವನಾ, ಎರಡನೇ ಕ್ಲಾಸು.

ಮರಿಯ ಹೆಸರು ಲೋಪಿ. ಅದು ಬಂದಲ್ಲೆಲ್ಲ ಹಾಲು ಲೋಪ... ವ್ಯಾಕರಣಬದ್ಧ ಕಳ್ಳಿ. ಅದನ್ನು ಮಡಿಲಲ್ಲೇ ಇಟ್ಟುಕೊಳ್ಳುವ ಕವನಾಳ ಕಾಲ ತುಂಬ ಕೆಂಪು ಗುಳ್ಳೆ. ಕವನದಲ್ಲಿ ಇಷ್ಟೊಂದು ಅಲ್ಪವಿರಾಮ ಒಳ್ಳೆಯದಲ್ಲ.

ಜೂನ್ 12, ಸಂಜೆ

ಅವ್ವ ಕಾಲು ನೋಡಿಬಿಟ್ಟಳು.

"ಲೇ, ಚಿಗಟ ಚರ್ಮ ಕೊರ್ಕಂಡು ಒಳಿಕ್ಕೋಯ್ತದೆ ಕಣ್ಲಾ. ಒಳಗೇ ಮೊಟ್ಟೆ ಇಕ್ಕಿ ಸಂಸಾರ ಊಡ್ತದೆ. ಭಾನ್ವಾರ ಬೆಕ್ಕುನ್ನ ಚೀಲಕ್ಕಾಕಿ ಚಂದ್ರಯ್ಯನ ಗಾಡೀಲಿ ಕಳ್ಸು."

ಪಕ್ಕದ ಮನೆಯ ಚಂದ್ರಯ್ಯ ಶ್ರವಣಬೆಳಗೊಳಕ್ಕೆ ತರಕಾರಿ ಒಯ್ಯುವವನು. ಬೆಕ್ಕು ಬಿಡುವ ನಮ್ಮ ಕ್ರಮವೇ ಅದು — ಗೋಣಿಚೀಲಕ್ಕೆ ಹಾಕಿ, ದಿಕ್ಕು ತಪ್ಪಲೆಂದು ಚೀಲವನ್ನು ಗಿರಗಿರ ತಿರುಗಿಸಿ, ದೂರದ ಊರಲ್ಲಿ ಬಿಡುವುದು.

"ಅವ್ವ, ಅದು ಕಚ್ಚಿ ಹಾರೋ ಹುಳ. ಒಳಗೆ ಹೋಗಿ ಕೂರೋಕೆ ಚರ್ಮ ಏನು ಬಾಡಿಗೆ ಮನೆಯಾ?"

"ನೀನ್ ಓದಿರಾದು ಪದ್ಯ ಕಣ್ಲಾ, ಡಾಕ್ಟ್ರಿಕೆ ಅಲ್ಲ."

ಹೆಂಡತಿ ನಾಗಲಕ್ಷ್ಮಿ ನಕ್ಕಳು. ಯಾವ ಪಕ್ಷವೋ ತಿಳಿಯಲಿಲ್ಲ.

ಜೂನ್ 14

ಕವನಾ ಒಂದೊಂದು ಗುಳ್ಳೆಗೂ ಬಾಲ್‌ಪೆನ್ನಿನಲ್ಲಿ ಸುತ್ತು ಗೀಟು ಹಾಕಿಕೊಂಡಿದ್ದಾಳೆ. ಚಿಗಟ ಒಳಗೊಳಗೇ ಜಾಗ ಬದಲಿಸುತ್ತದಾ ನೋಡಲು.

"ಅಪ್ಪ, ನನ್ ಕಾಲೊಳಗೆ ಮರಿ ಆದ್ರೆ ನನ್ನೂ ಚೀಲಕ್ಕೆ ಹಾಕ್ತೀಯಾ?"

ಎತ್ತಿಕೊಂಡೆ. ಎಷ್ಟೋ ಹೊತ್ತು ಇಳಿಸಲಿಲ್ಲ.

ನಾಳೆ ಹಾಸನಕ್ಕೆ, ಚರ್ಮದ ಡಾಕ್ಟರ ಹತ್ತಿರ. ಅವ್ವನೂ ಒಪ್ಪಿದಳು: ಒಳಗೆ ಹೋಗಲ್ಲ ಅಂತ ಡಾಕ್ಟರು ಅಂದರೆ ಲೋಪಿ ಇರಲಿ.

ಜೂನ್ 15, ಶನಿವಾರ

ಗೆದ್ದೆ! ಡಾಕ್ಟರು ಕವನಾಳಿಗೇ ಹೇಳಿದರು — "ಚರ್ಮದೊಳಗೆ ಹೋಗೋ ಜಾತಿ ಒಂದಿದೆ ಪುಟ್ಟಿ. ಆಫ್ರಿಕಾ, ದಕ್ಷಿಣ ಅಮೆರಿಕಾ ಕಡೆ. ನಿನ್ನ ಬೆಕ್ಕಿಂದು ಅದಲ್ಲ. ಕಚ್ಚುತ್ತೆ, ರಕ್ತ ಕುಡಿಯುತ್ತೆ, ಹಾರಿಹೋಗುತ್ತೆ." ಕಾಲಿಗೆ ಮುಲಾಮು. ಲೋಪಿಗೆ ಪಶುವೈದ್ಯರ ಔಷಧಿ. ಹಾಸಿಗೆ ಬಟ್ಟೆಗೆಲ್ಲ ಬಿಸಿನೀರು.

ಬಿಸಿನೀರು ಕಾಯಿಸಿದ್ದು ಅವ್ವನೇ. "ಇರ್ಲಿ ಬುಡು. ನನ್ ಆಸ್ಗೆ ತಾವ ಬಂದ್ರೆ ಐತೆ ಅದ್ಕೆ."

ಊಟದ ಹೊತ್ತಿಗೆ ಘೋಷಿಸಿದೆ: ಈ ಚಿಗಟ ಪುರಾಣವನ್ನು ನಾನು ಒಂದು ಕ್ಷಣವೂ ನಂಬಿರಲಿಲ್ಲ. ವಿದ್ಯಾವಂತ ಅಂದಮೇಲೆ ಅಷ್ಟೂ ಬೇಡವೇ!

ಜೂನ್ 16, ಭಾನುವಾರ ಬೆಳಗ್ಗೆ

ಚಂದ್ರಯ್ಯನ ಗಾಡಿ ತರಕಾರಿ ಮಾತ್ರ ಹೊತ್ತು ಹೋಯಿತು. ಲೋಪಿ ಕವನಾಳ ಮಡಿಲಲ್ಲಿ ನಿದ್ದೆ.

ನಿನ್ನೆ ಬರೆಯದೆ ಬಿಟ್ಟದ್ದು ಒಂದಿದೆ. ನಾಗಲಕ್ಷ್ಮಿ, ಕವನಾ ಮುಲಾಮು ತರಲು ಹೋದರು. ನಾನು ಡಾಕ್ಟರ ರೂಮಿನಲ್ಲೇ ಉಳಿದೆ. ಬಾಗಿಲು ಮುಂದೆ ಮಾಡಿ ಅಂಗಿ ಎತ್ತಿದೆ.

"ಡಾಕ್ಟ್ರೇ, ಸೊಂಟದ ಹಿಂದೆ ಇದೊಂದು... ಒಳಗೆ ಹೊಕ್ಕ ಹಾಗಿದೆ. ಬುಧವಾರದಿಂದ ಅಲುಗಾಡ್ತಾನೂ ಇದೆ."

ಅವರು ಟಾರ್ಚ್ ಹಾಕಿ ನೋಡಿದರು. "ಸಾರ್, ಇದು ಮಚ್ಚೆ."

ಅಂಗಿ ಇಳಿಸಿ ತಿರುಗಿದರೆ ಬಾಗಿಲಲ್ಲಿ ಕವನಾ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ಹೆದರ್ಕೋಬೇಡ ಅಪ್ಪ," ಅಂದಳು ಕಿವಿಯಲ್ಲಿ, "ಅಜ್ಜಿಗೆ ಹೇಳಲ್ಲ."

ಈಗ ಅಡುಗೆಮನೆಯಲ್ಲಿ ಕವನಾಳ ಪಿಸುಮಾತು, ಹಿಂದೆಯೇ ಅವ್ವನ ನಗು. "ಬಾರ್ಲಾ ಇಲ್ಲಿ, ಆ ಮಚ್ಚೆ ನೀನ್ ಉಟ್ಟಿದಾಗ್ಲೇ..."