ನೀರಿನ ಗೋಡೆ

ಮಾರ್ಚ್ ೧೪, ಭಾನುವಾರ

ಮುನಿಸಿಕೊಂಡು ಕೂತಿರುವ ಪುಟ್ಟಿಗೆ,

ಅಕ್ಕನ ಆಶೀರ್ವಾದ, ಬೇಡವೆಂದರೂ ತೆಗೆದುಕೋ. ಫೋನ್ ಎತ್ತುವುದಿಲ್ಲ, ಬಾಗಿಲಿಗೆ ಬಂದರೆ ಮಲಗಿದ್ದಾಳೆ ಎಂದು ಗಂಡನಿಂದ ಹೇಳಿಸುತ್ತೀಯ. ಇನ್ನು ನನಗೆ ಉಳಿದಿರುವುದು ಕಾಗದ ಒಂದೇ. ಹರಿದುಹಾಕುವ ಮೊದಲು ಒಂದು ಸಲ ಓದು.

"ನನ್ನಕ್ಕನೇ ನನ್ನ ಕಾಲೆಳೆದಳು" ಎಂದು ಅಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದೀಯ. ಚಂದ್ರಯಾತ್ರೆಯಿಂದ ನಿನ್ನನ್ನು ಕೈಬಿಟ್ಟದ್ದು ನಾನು ಮಾಡಿದ ವಿಕಿರಣದ ಲೆಕ್ಕದಿಂದಲೇ, ನಿಜ. ಆದರೆ ಆ ಲೆಕ್ಕ ಮಾಡಿದ್ದು ನಿನ್ನನ್ನು ಇಳಿಸುವುದಕ್ಕಲ್ಲ ಕಣೇ.

ಕಳೆದ ವರ್ಷ ನೌಕೆ ಯಾರೂ ಇಲ್ಲದೆ ಚಂದ್ರನನ್ನು ಸುತ್ತಿ ಬಂತಲ್ಲ, ಆಗ ಸೂರ್ಯನಿಂದ ಸಿಡಿದ ಕಣಗಳು ಅದರ ಕಂಪ್ಯೂಟರನ್ನು ತೂರಿಹೋಗಿ, ಸೊನ್ನೆ ಇದ್ದಲ್ಲಿ ಒಂದು ಮಾಡಿಟ್ಟವು. ನೌಕೆ ದಿಕ್ಕು ತಪ್ಪಿ ಗಿರಗಿರ ಸುತ್ತಿತು. ಆವತ್ತಿನಿಂದ ಕಂಪ್ಯೂಟರಿಗೆ ಏನು ಕೇಳಿದರೂ ನಮ್ಮ ಮುಖ್ಯಸ್ಥರು ಕೊಟ್ಟರು: ದಪ್ಪ ಪೆಟ್ಟಿಗೆ, ಒಂದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು. ನೀವು ಮಲಗುವ ಗೂಡಿನ ಸುತ್ತ ನೀರಿನ ಚೀಲಗಳ ಗೋಡೆ ಕಟ್ಟೋಣ, ಆ ಕಣಗಳನ್ನು ನೀರು ಚೆನ್ನಾಗಿ ತಡೆಯುತ್ತದೆ ಎಂದು ನಾನು ಕೇಳಿದಾಗ ಮಾತ್ರ "ತೂಕ ಜಾಸ್ತಿಯಾಗತ್ತೆ ಕಣಮ್ಮ" ಎಂದರು. ಕಂಪ್ಯೂಟರಿಗಿರುವ ಮರ್ಯಾದೆ ಮನುಷ್ಯರ ಮೈಗಿಲ್ಲ! ಅದನ್ನಾದರೆ ಆಫ್ ಮಾಡಿ ಮತ್ತೆ ಆನ್ ಮಾಡಬಹುದು. ನಿನ್ನನ್ನು?

ಹಿಂದಿನ ಪ್ರಯಾಣಗಳಲ್ಲಿ ಕಣ್ಣು ಮುಚ್ಚಿದರೂ ಒಳಗೆ ಮಿಂಚು ಹೊಡೆಯುತ್ತಿತ್ತು ಎಂದು ನೀನು ನಗುತ್ತಾ ಹೇಳುತ್ತಿದ್ದೆ. ನನಗೆ ನಗು ಬರುತ್ತಿರಲಿಲ್ಲ. ಒಂದೊಂದು ಮಿಂಚೂ ನಿನ್ನ ಕಣ್ಣನ್ನು ತೂರಿದ ಒಂದು ಕಣ. ಒಂದು ಜೀವಮಾನಕ್ಕೆ ಇಷ್ಟೇ ಎಂದು ವೈದ್ಯರು ಹಾಕಿದ ಮಿತಿಯಲ್ಲಿ ಬಹುಪಾಲನ್ನು ನಿನ್ನ ಮೈ ಆಗಲೇ ಉಂಡಿದೆ. ಗೋಡೆಯಿಲ್ಲದೆ ಹೋಗಿ, ಸೂರ್ಯನಲ್ಲಿ ಒಂದು ಬಿರುಗಾಳಿ ಎದ್ದರೆ ಸಾಕು, ಮಿತಿ ದಾಟುತ್ತೀಯ. ಮುಂದೆಂದೋ ಕ್ಯಾನ್ಸರ್ ಬಂದು ಕೂತರೆ ಯಾರನ್ನು ಕೇಳೋಣ? ಇದನ್ನೇ ಸಭೆಯಲ್ಲಿ ಮುಂದಿಟ್ಟೆ, ಇನ್ನಾದರೂ ಗೋಡೆ ಕೊಡುತ್ತಾರೆಂದು. ಅವರು ಗೋಡೆ ಹಾಕಲಿಲ್ಲ, ನಿನ್ನನ್ನು ತೆಗೆದರು! "ಆಳು ಬದಲಾಯಿಸಿದ್ರೆ ಆಯ್ತಲ್ಲ" ಎಂದರು, ಬಲ್ಬು ಬದಲಾಯಿಸುವ ಹಾಗೆ. ಮೇಜು ಗುದ್ದಿದೆ. ಕೈ ನೋವಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ನಿನ್ನ ಜಾಗಕ್ಕೆ ಬಂದ ಆ ಗುಂಗುರುಗೂದಲಿನ ಪೈಲಟ್ ಗೊತ್ತಲ್ಲ, ಅವನ ಹೆಂಡತಿ ಹೋದ ವಾರ ನಮ್ಮ ಕ್ಯಾಂಟೀನಿಗೇ ಹುಡುಕಿಕೊಂಡು ಬಂದಳು. ತುಂಬು ಬಸುರಿ. "ತಂಗೀನ ಉಳಿಸಿಕೊಂಡ್ರಿ. ನಮ್ಮನೆಯವರಿಗೆ ಯಾರಿದ್ದಾರೆ ಮೇಡಂ?" ಎಂದಳು. ಕುಡಿಯುತ್ತಿದ್ದ ಚಹಾ ಪಕ್ಕಕ್ಕಿಟ್ಟೆ. ಕೂರಿಸಿ ಎಲ್ಲವನ್ನೂ ಹೇಳಿದೆ. "ಇದನ್ನ ಅವರಿಗೇ ಹೇಳಿ" ಎಂದು ಗಂಡನಿಗೆ ಫೋನ್ ಮಾಡಿ ನನ್ನ ಕೈಗಿತ್ತಳು. ಹೇಳಿದೆ. ಗುರುವಾರದ ಸಭೆಯಲ್ಲಿ ಅವನು ಎದ್ದುನಿಂತು "ಗೋಡೆ ಬರೋವರೆಗೂ ನಾನು ಹತ್ತಲ್ಲ ಸಾರ್" ಎಂದುಬಿಟ್ಟ. ನಾನು ವರ್ಷವಿಡೀ ಗಂಟಲು ಹರಿದುಕೊಂಡರೂ ಕೇಳಿಸದ ಕಿವಿಗೆ ಅವನ ಒಂದೇ ಮಾತು ಕೇಳಿಸಿತು! ಉಡಾವಣೆ ಮುಂದಕ್ಕೆ ಹೋಗಿದೆ, ಗೋಡೆ ಬರುತ್ತಿದೆ. ನಾನು ಸಂತೋಷಪಡಬೇಕು. ಆದರೆ ಅವರು ಇದನ್ನೇ ಮೊದಲು ಮಾಡಿದ್ದರೆ ನೀನು ಹೀಗೆ ಕದ ಹಾಕಿಕೊಂಡು ಕೂರುತ್ತಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಬೈಯುವುದಿದ್ದರೂ ಬಾ. ಅಮ್ಮನ ಹತ್ತಿರ ಬೇಡ, ನನ್ನೆದುರು ನಿಂತು ಬೈ.

ನಿನಗೆ ನನ್ನ ಮೇಲಿರುವಷ್ಟೇ ಸಿಟ್ಟು ನಿನ್ನ ಮೇಲೂ ಇರುವ
ಅಕ್ಕ

ತಾ.ಕ.: ಗೋಡೆಯನ್ನು ಸೇರಿಸಿ ನಿನ್ನ ಲೆಕ್ಕವನ್ನು ಹೊಸದಾಗಿ ಮಾಡಿದೆ. ಬಿರುಗಾಳಿ ಎದ್ದರೂ ನೀನು ಮಿತಿಯೊಳಗೇ ಇರುತ್ತೀಯ, ನೀನು ಹೋಗಬಹುದು. ಗುರುವಾರ ಸಂಜೆಯೇ ಗೊತ್ತಾಯಿತು. ವೈದ್ಯರಿಗೆ ಕಳಿಸಿದ್ದು ಇವತ್ತು ಬೆಳಗ್ಗೆ. ನಿನ್ನನ್ನು ಇಲ್ಲೇ ಉಳಿಸುವ ಒಂದು ತಪ್ಪು ಎಲ್ಲಾದರೂ ಸಿಕ್ಕೀತೆಂದು ಅಲ್ಲಿಯವರೆಗೂ ಹುಡುಕುತ್ತಲೇ ಇದ್ದೆ. ಸಿಗಲಿಲ್ಲ, ಪುಟ್ಟಿ.